ಮಿರಾಂದಾ ಗೋತ್ರ

೧೪ ಜೂನ್ ೨೦೦೬, ಬುಧವಾರ

ಸ್ವಸ್ತಿ ಶ್ರೀ. ವ್ಯಯ ನಾಮ ಸಂವತ್ಸರದ ಜ್ಯೇಷ್ಠ ಬಹುಳದಲ್ಲಿ, ಆಫ್ರಿಕಾ ಖಂಡದ ನೈರೋಬಿ ನಗರದ ಸೌತ್ ಬಿ ಎಂಬ ಪುಣ್ಯಕ್ಷೇತ್ರದಲ್ಲಿ, ಔಷಧದ ಡಬ್ಬಿಗಳ ಮೇಲಿನ ಅಕ್ಷರ ತಿದ್ದಲು ಮೈಸೂರಿನ ಅಗ್ರಹಾರದಿಂದ ಬಂದಿಳಿದ ಸುಜಯನೆಂಬ ಇಪ್ಪತ್ತೆರಡರ ವಟುವು ಬರೆಸಿದ ಶಾಸನವಿದು. ಇದನ್ನು ಕದ್ದು ಓದಿದವರು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾರೆ. ನಾನಿರುವ ಮನೆಯ ಒಡತಿ ಗಿರಿಜತ್ತೆ ಗಮನಿಸಬೇಕು.

ಇಂದಿನ ಮಹಾವಾರ್ತೆ: ಸ್ಪೇನ್ ದೇಶವು ಉಕ್ರೇನಿಗೆ ನಾಲ್ಕು ಗೋಲು ಹೊಡೆದು ವಿಜಯ ಸಾಧಿಸಿತು. ನಾನು ಫ್ಯಾಕ್ಟರಿಯಿಂದ ಬರುವ ಹೊತ್ತಿಗೆ ಪಕ್ಕದ ಮನೆಯ ಡೆಂಜಿಲ್ ಅಂಕಲ್ ನಮ್ಮ ಸೋಫಾದಿಂದ ಎದ್ದು ನಿಂತು ಟೀವಿಗೆ ಸೆಲ್ಯೂಟ್ ಹೊಡೆಯುತ್ತಿದ್ದರು. ಡೆಂಜಿಲ್ ಮಿರಾಂದಾ ಅಂದರೆ ಮಂಗಳೂರಿನವರು, ಇಲ್ಲಿಯ ಕಾಲೇಜೊಂದರಲ್ಲಿ ಗಣಿತ ಹೇಳಿ ಹೇಳಿ ಮೂವತ್ತು ವರ್ಷ ಸವೆಸಿದವರು, ಗಿರಿಜತ್ತೆಯ ಗಂಡ, ನನ್ನ ಮಾವ ದ್ವಾರಕಾನಾಥರಿಗೆ ಚೆಸ್ಸಿನಲ್ಲಿ ಆಜನ್ಮ ಶತ್ರು. ಸ್ಪೇನ್ ಯಾಕೆ ಅಂಕಲ್ ಎಂದು ಕೇಳಿದೆ. ನಮ್ಮ ಹೆಸರಿನ ಊರು ಅಲ್ಲಿ ಉಂಟು ಮಾರಾಯ, ನನ್ನ ಪಾಲಿಗೆ ಅದೇ ಹೋಮ್ ಟೀಮ್ ಎಂದರು.

ಇಂಥ ಹೇಳಿಕೆಯನ್ನು ಪರಾಂಬರಿಸದೆ ಬಿಡುವುದು ನನ್ನ ಧರ್ಮವಲ್ಲ. ಅಂಗಡಿ ಸಾಲಿನ ಸೈಬರ್ ಕೆಫೆಗೆ ಹೋಗಿ ಹುಡುಕಿದೆ. ಮಿರಾಂದಾ ಎಂಬುದು ಮೂಲದಲ್ಲಿ ಊರಿನ ಹೆಸರು. ಸ್ಪೇನಿನಲ್ಲಿ ಎಬ್ರೊ ನದಿಯ ದಡದಲ್ಲಿ ಒಂದು ಮಿರಾಂದಾ ಇದೆ, ಪೋರ್ಚುಗಲ್ಲಿನ ಗಡಿಯಲ್ಲಿ ಇನ್ನೊಂದು, ಬೇರೆ ಕಡೆ ಮತ್ತಷ್ಟು. ಅಲ್ಲಿಂದ ಹೊರಟವರು, ನಮ್ಮವರ ಇನಿಷಿಯಲ್ಲಿನಲ್ಲಿ ಊರು ಅಡಗಿ ಕೂತಿರುವ ಹಾಗೆ, ಊರನ್ನೇ ಹೊತ್ತುಕೊಂಡು ಹೋದರು. ಈಗ ಮೆಕ್ಸಿಕೊ, ಬ್ರೆಜಿಲ್, ಫಿಲಿಪೀನ್ಸ್, ಗೋವಾ, ಮಂಗಳೂರು, ಎಲ್ಲಿ ಕಲ್ಲು ಬೀಸಿದರೂ ಒಬ್ಬ ಮಿರಾಂದಾ 'ಯಾರದು' ಎನ್ನುತ್ತಾನೆ. ಊರುಗಳು ಹಲವಾದ್ದರಿಂದ ಈ ಹೆಸರಿನವರೆಲ್ಲ ಒಂದೇ ವಂಶದವರಲ್ಲ ಎಂದೂ ಆ ಪುಟದ ಕೊನೆಯಲ್ಲಿತ್ತು. ಆ ಭಾಗ ಸಪ್ಪೆಯೆನಿಸಿತು.

೧೮ ಜೂನ್, ಭಾನುವಾರ

ಇಂದು ಈ ವಟುವಿಗೆ ಪೌರೋಹಿತ್ಯದಲ್ಲಿ ಪಟ್ಟಾಭಿಷೇಕವಾಯಿತು. ವಿವರ ಮುಂದಿದೆ.

ಡೆಂಜಿಲ್ ಅಂಕಲ್ ಮಗಳು ಸಿಲ್ವಿಯಾಗೆ ಮದುವೆ ಗೊತ್ತಾಗಿದೆ. ಹುಡುಗ ವಲೇರಿಯನ್, ಎಲೆಕ್ಟ್ರಿಕಲ್ ಎಂಜಿನಿಯರ್. ಅವನೂ ಮಿರಾಂದಾನೇ. ಅವನ ತಂದೆ ಸಿರಿಲ್ ಅಂಕಲ್ ಉಡುಪಿ ಕಡೆಯವರು, ಇಂಡಸ್ಟ್ರಿಯಲ್ ಏರಿಯಾದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮ್ಯಾನೇಜರ್. ನಮ್ಮ ಮಾತ್ರೆ ಡಬ್ಬಿಗಳ ಲೇಬಲ್ಲೆಲ್ಲ ಅಚ್ಚಾಗುವುದು ಅಲ್ಲೇ. ದಿನ ಗೊತ್ತುಮಾಡಲು ಎರಡೂ ಮನೆಯವರು ಇಂದು ಟೀಗೆ ಸೇರಿದ್ದರು, ನಮ್ಮನ್ನೂ ಕರೆದಿದ್ದರು. ಮುಂದಿನ ಭಾನುವಾರದಿಂದ ಮೂರು ವಾರ ಇಗರ್ಜಿಯಲ್ಲಿ, ಅಂದರೆ ಅವರ ಚರ್ಚಿನಲ್ಲಿ, ಇವರಿಬ್ಬರ ಹೆಸರು ಓದುತ್ತಾರಂತೆ. ಈ ಮದುವೆಗೆ ಯಾವುದಾದರೂ ಅಡ್ಡಿ ಗೊತ್ತಿದ್ದವರು ಬಂದು ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಪಾಪ. ಮೂರನೆಯ ವಾರ ದಾಟಿದರೆ ಜುಲೈ ಇಪ್ಪತ್ತೆರಡಕ್ಕೆ ಮದುವೆ.

ಇಷ್ಟು ಕೇಳಿದ ಮೇಲೆ ನನ್ನ ಕೈ ಸುಮ್ಮನಿರುವುದುಂಟೆ? ಗಿರಿಜತ್ತೆಯ ಶಾಲು ಹೊದ್ದೆ, ಟೀ ಚಮಚವನ್ನು ಉದ್ಧರಣೆಯಂತೆ ಹಿಡಿದೆ, ಬಿಸ್ಕತ್ತಿನ ತಟ್ಟೆ ಎದುರಿಗಿಟ್ಟುಕೊಂಡು ಪದ್ಮಾಸನ ಹಾಕಿದೆ. ಅಜ್ಜನ ಜೊತೆ ಮದುವೆ ಮನೆ ತಿರುಗಿ ಕಲಿತದ್ದು ಇಂದು ಸಾರ್ಥಕವಾಯಿತು. 'ವರಸ್ಯ ಗೋತ್ರಂ ಕಿಂ?' ಎಂದು ಸಿರಿಲ್ ಅಂಕಲ್ ಕಡೆ ತಿರುಗಿದೆ. ವಲೇರಿಯನ್ನೇ 'ಮಿರಾಂದಾ' ಎಂದ. ಕನ್ಯಾಪಿತೃವನ್ನು ಕೇಳಿದೆ. ಡೆಂಜಿಲ್ ಅಂಕಲ್ ಕೈಕಟ್ಟಿ 'ಮಿರಾಂದಾ ಸ್ವಾಮಿ' ಎಂದರು. ಆಮೇಲೆ ಮೂರು ತಲೆಮಾರು ಹೇಳಬೇಕಲ್ಲ. ಹುಡುಗನ ಅಜ್ಜ, ಮುತ್ತಜ್ಜನ ಹೆಸರು ಕೇಳಿದೆ. ಅಜ್ಜನ ಹೆಸರು ಸಿಕ್ಕಿತು. ಮುತ್ತಜ್ಜನದು ಕೇಳಿದಾಗ ಸಿರಿಲ್ ಅಂಕಲ್ ಟೀ ಕಪ್ ನೋಡುತ್ತ, ಯಾವುದಾದರೂ ಹಾಕಿಕೊ ಎಂದರು. ಹಾಕಿಕೊಂಡೆ. 'ಮಿರಾಂದಾ ಗೋತ್ರೋದ್ಭವಾಯ, ಸಿರಿಲ್ ಶರ್ಮಣಃ ಪುತ್ರಾಯ, ವಲೇರಿಯನ್ ಶರ್ಮಣೇ ವರಾಯ' ಎಂದು ಉಸಿರು ಬಿಡದೆ ಹೇಳಿ, ತಟ್ಟನೆ ನಿಲ್ಲಿಸಿ, ಚಮಚ ಕೆಳಗಿಟ್ಟು, ಕಿವಿ ಮುಚ್ಚಿಕೊಂಡೆ. ಶಾಂತಂ ಪಾಪಂ. ಇದು ಸಗೋತ್ರ ವಿವಾಹ. ಸ್ಪೇನಿನ ಎಬ್ರೊ ತೀರದ ಒಬ್ಬನೇ ಮಿರಾಂದಾ ಋಷಿಯ ಸಂತಾನ ನೀವೆಲ್ಲ, ಇಂಟರ್ನೆಟ್ಟಿನಲ್ಲಿ ನಾನೇ ಓದಿದೆ, ವಧೂವರರು ಅಣ್ಣ ತಂಗಿ, ಲಗ್ನ ನಿಷಿದ್ಧ ಎಂದು ತೀರ್ಪು ಕೊಟ್ಟೆ.

ಡೆಂಜಿಲ್ ಅಂಕಲ್ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಸಿಲ್ವಿಯಾ ಕುಶನ್ ಎಸೆದಳು. ಅಂದಿನಿಂದ, ಅಂದರೆ ಇಂದಿನಿಂದ, ನನಗೆ 'ಭಟ್ರೇ' ಎಂಬ ಬಿರುದು ಪ್ರದಾನವಾಗಿದೆ. ನಗದೆ ಇದ್ದವರು ಒಬ್ಬರೇ, ಡೆಂಜಿಲ್ ಅಂಕಲ್ ತಾಯಿ ಕಾರ್ಮಿನ್ ಬಾಯಿ. ಅವರಿಗೆ ಕಿವಿ ಮಂದ ಎಂದುಕೊಂಡೆ.

೨೧ ಜೂನ್, ಬುಧವಾರ

ಕಾರ್ಮಿನ್ ಬಾಯಿಗೆ ಕಿವಿ ಚೆನ್ನಾಗಿಯೇ ಇದೆ.

ಸಂಜೆ ಕಾಂಪೌಂಡಿನ ಆಚೆಯಿಂದ ಕರೆದರು. ಹಿಂದಿನ ಜಗಲಿಯಲ್ಲಿ ಸ್ವೆಟರ್ ಮೇಲೆ ಶಾಲು ಹೊದ್ದು ಕೂತಿದ್ದರು. ಜೂನಿನ ಈ ಮೋಡಕ್ಕೆ ಎಂಬತ್ತೆರಡರ ಮೂಳೆಗಳು ಒಗ್ಗುವುದಿಲ್ಲವಂತೆ. ಆವತ್ತು ಹೇಳಿದ್ದು ಇಂಟರ್ನೆಟ್ಟಿನಲ್ಲಿ ನಿಜವಾಗಿ ಉಂಟಾ ಎಂದು ಕೇಳಿದರು. ನಗದೆ ಹುಸಿ ಹೇಳುವವನು ಎಂಥ ಪ್ರಸಂಗದಲ್ಲೂ ವೇಷ ಕಳಚಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ. 'ಉಂಟು ಬಾಯಿ' ಎಂದೆ, ಅಜ್ಜನ ಧ್ವನಿಯಲ್ಲಿ. ಅವರು ಜಪಸರ ಕೈಗೆತ್ತಿಕೊಂಡರು. ನಾನು ಬಂದುಬಿಟ್ಟೆ.

ಮನೆಗೆ ಬಂದ ಮೇಲೆ ಅಷ್ಟೇನೂ ಗೆದ್ದ ಹಾಗೆ ಅನ್ನಿಸಲಿಲ್ಲ. ಊಟಕ್ಕೆ ಹುಳಿ ಚೆನ್ನಾಗಿತ್ತು.

೨೫ ಜೂನ್, ಭಾನುವಾರ

ಮೊದಲನೆಯ ಓದು ಆಯಿತು. ಬಾಯಿ ಪೂಜೆ ಮುಗಿಸಿ ಬಂದವರು ಊಟ ಮಾಡಲಿಲ್ಲವಂತೆ. ಒಂದೇ ರಕ್ತ ಅಂತ ಗೊತ್ತಿದ್ದೂ ಬೆಂಚಿನಲ್ಲಿ ಸುಮ್ಮನೆ ಕೂತು ಬಂದೆ, ಇದು ನನ್ನ ಆತ್ಮದ ಮೇಲೆ ಎಂದು ಅಳುತ್ತಿದ್ದಾರಂತೆ. ಡೆಂಜಿಲ್ ಅಂಕಲ್ ಇದನ್ನು ಮಾವನಿಗೆ ನಗುತ್ತಲೇ ಹೇಳಿದರು. ಚರ್ಚಿಗೆ ಬೇಕಾದ್ದು ಹತ್ತಿರದ ರಕ್ತಸಂಬಂಧ ಇಲ್ಲದಿದ್ದರೆ ಸಾಕು, ಹೆಸರು ಒಂದಾದರೆ ಯಾರಿಗೇನು ಎಂದು ಅಮ್ಮನಿಗೆ ಹೇಳಿದ್ದಾರಂತೆ. ಬಾಯಿ ಕೇಳುತ್ತಿಲ್ಲ.

ಸಿಲ್ವಿಯಾ ಗೇಟಿನ ಹತ್ತಿರ ಸಿಕ್ಕಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಬೆಂಕಿ ಹಚ್ಚಿದವರೇ ಆರಿಸಬೇಕು ಭಟ್ರೇ ಎಂದಳು. ಆಗಲಿ ಮಗಳೇ, ಶಾಂತಿಹೋಮ ಮಾಡಿಸುತ್ತೇನೆ ಎಂದು ಕೈ ಎತ್ತಿದೆ. ನಕ್ಕಳು. ಪೂರ್ತಿಯಲ್ಲ.

೨೮ ಜೂನ್, ಬುಧವಾರ

ಶಾಂತಿಹೋಮ ನಿರ್ವಿಘ್ನವಾಗಿ ನೆರವೇರಿತು. ನಿನ್ನೆ ಸ್ಪೇನ್ ಸೋತು ಮನೆಗೆ ಹೋದ ದುಃಖದಲ್ಲಿ ಡೆಂಜಿಲ್ ಅಂಕಲ್ ಬೇಗ ಮಲಗಿದ್ದರು, ಅದೂ ಅನುಕೂಲವಾಯಿತು.

ಬಾಯಿಯ ಎದುರು ಮಣೆ ಹಾಕಿಕೊಂಡು ಕೂತು ನಿಜ ಹೇಳಿದೆ. ಒಬ್ಬನೇ ಋಷಿ ಎಂದದ್ದು ತಮಾಷೆಗೆ, ಆ ಹೆಸರಿನ ಊರುಗಳೇ ಹಲವು ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಡೆಂಜಿಲ್ ಅಂಕಲ್ ಹಿಂದೊಮ್ಮೆ ಹೇಳಿದ್ದನ್ನೂ ಸೇರಿಸಿದೆ. ನಿಮ್ಮವರಿಗೆ ಸ್ಪೇನಿನ ರಕ್ತವೇ ಇಲ್ಲ ಬಾಯಿ. ದೀಕ್ಷಾಸ್ನಾನ ಕೊಟ್ಟ ಪಾದ್ರಿಯದೋ, ಹಿಡಿದು ನಿಂತ ಧರ್ಮಪಿತನದೋ ಹೆಸರು ಇಟ್ಟುಕೊಂಡರು, ಅಷ್ಟೆ. ಮಿರಾಂದಾ ಎಂಬ ಪಾದ್ರಿ ಒಂದು ದಿನದಲ್ಲಿ ಎಷ್ಟು ತಲೆಗೆ ನೀರು ಹಾಕಿದರೋ ಅಷ್ಟು ಮನೆ ಮಿರಾಂದಾ. ನಿಮಗೂ ಸಿರಿಲ್ ಅಂಕಲ್ ಮನೆಗೂ ಕೂದಲೆಳೆಯ ನಂಟಿಲ್ಲ.

ಬಾಯಿ ಜಪಸರವನ್ನು ಮಡಿಲಲ್ಲಿ ಇಳಿಸಿಟ್ಟರು. ಆಮೇಲೆ ಕೇಳಿದರು, "ಹಾಗಾದ್ರೆ ಅದಕ್ಕಿಂತ ಮುಂಚೆ ಅವರು ಎಂತದ್ದು?"

ನನಗೆ ಅರ್ಥವಾಗಲಿಲ್ಲ. ಧ್ವನಿ ತಗ್ಗಿಸಿ ಹೇಳಿದರು: "ನಾವು ಪ್ರಭುಗಳು. ನೀರು ಹಾಕಿಸಿಕೊಳ್ಳುವ ಮುಂಚೆ. ಡೆಂಜಿಲ್‌ಗೆ ಇದು ಹೇಳಿದ್ರೆ ಆಗುವುದಿಲ್ಲ. ಅವರದ್ದು ಎಂತ ಅಂತ ಒಮ್ಮೆ ಗೊತ್ತಾದರೆ ನನಗೆ ಸಮಾಧಾನ."

ಅಷ್ಟೇ ತಾನೇ. ಎರಡು ಮನೆಯ ಹಳೆಯ ಹೆಸರು ಬೇರೆ ಬೇರೆಯಾದರೆ ಭಿನ್ನ ಗೋತ್ರ, ಬಾಯಿ ಊಟ ಮಾಡುತ್ತಾರೆ, ಸಿಲ್ವಿಯಾ ಪೂರ್ತಿ ನಗುತ್ತಾಳೆ. ಲೇಬಲ್ ಪ್ರೂಫ್ ತರಲು ಮುಂದಿನ ವಾರ ಪ್ರೆಸ್ಸಿಗೆ ಹೋಗುವುದಿದೆ. ವಿಚಾರಿಸಿ ಬರುತ್ತೇನೆ ಎಂದು ಮಾತು ಕೊಟ್ಟೆ. ರಾಯಭಾರಿ ಎಂಬ ಹೊಸ ಬಿರುದನ್ನು ನಾನೇ ಕೊಟ್ಟುಕೊಂಡಿದ್ದೇನೆ.

೨ ಜುಲೈ, ಭಾನುವಾರ

ಎರಡನೆಯ ಓದು. ಬಾಯಿ ಮೈ ಸರಿಯಿಲ್ಲವೆಂದು ಇಗರ್ಜಿಗೆ ಹೋಗಲಿಲ್ಲ. ಮೈ ಸರಿಯಾಗಿಯೇ ಇತ್ತು.

೫ ಜುಲೈ, ಬುಧವಾರ

ಹೇಗೆ ಬರೆಯಲಿ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಪ್ರೆಸ್ಸಿನಲ್ಲಿ ಸಿರಿಲ್ ಅಂಕಲ್ ಖುಷಿಯಾಗಿದ್ದರು. ಕೆಮ್ಮಿನ ಸಿರಪ್ಪಿನ ಲೇಬಲ್ ಹಾಳೆಗಳನ್ನು ಹರಡಿ, ಈ ಭಟ್ಟರ ಕಣ್ಣಿಗೆ ತಪ್ಪು ಬೀಳುವ ಮುಂಚೆ ನಾನೇ ಹಿಡಿದಿದ್ದೇನೆ ನೋಡು ಎಂದು ತೋರಿಸಿದರು. ಮಷೀನಿನ ಸದ್ದಿನಲ್ಲಿ ಕೂಗಿ ಮಾತಾಡಬೇಕು. ನಾನು ಕೂಗಿಯೇ ಕೇಳಿದೆ: ಅಂಕಲ್, ಮಿರಾಂದಾ ಆಗುವುದಕ್ಕೆ ಮುಂಚೆ ನಿಮ್ಮವರ ಹಳೆಯ ಹೆಸರು ಏನು? ಸಿಲ್ವಿಯಾ ಮನೆಯವರು ಪ್ರಭುಗಳಂತೆ.

ಅವರು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದರು. ಅಂಚು ಕೂಡಲಿಲ್ಲವೆಂದು ಮತ್ತೊಮ್ಮೆ ಜೋಡಿಸಿದರು. ಆಮೇಲೆ ನನ್ನನ್ನು ಗಾಜಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

"ಯಾರು ಕೇಳ್ಲಿಕ್ಕೆ ಹೇಳಿದ್ದು?"

ಬಾಯಿ ಎಂದೆ. ಈ ಸಲ ಕೂಗಬೇಕಿರಲಿಲ್ಲ.

"ನನ್ನ ಅಜ್ಜ ಗದ್ದೆಯ ಕೆಲಸಕ್ಕೆ ಹೋದಲ್ಲೆಲ್ಲ ಹೆಸರು ಕೇಳಿದರೆ ಮಿರಾಂದಾ ಅಂತ ಹೇಳ್ತಿದ್ದ. ಎದೆ ಮುಂದೆ ಮಾಡಿ ಹೇಳ್ತಿದ್ದ. ಅದರ ಹಿಂದಿನದ್ದು ಕೇಳಿದವರ ಮನೆಯಲ್ಲಿ ಅವ ಮತ್ತೆ ನೀರು ಕುಡಿಯಲಿಲ್ಲ. ಹೋಗಿ ಬಾಯಿಯ ಹತ್ರ ಹೇಳು, ನಾವೂ ಕುಡಿಯುವುದಿಲ್ಲ ಅಂತ."

ಪ್ರೂಫಿನ ಕಟ್ಟನ್ನು ನನ್ನ ಕೈಗೆ ಕೊಟ್ಟು ಬಾಗಿಲು ತೆರೆದು ಹಿಡಿದರು. ಮಟಾಟು ವ್ಯಾನುಗಳು ನಿಲ್ಲುವ ಸ್ಟೇಜಿನಲ್ಲಿ ನಿಂತಿದ್ದೆ. ಎರಡು ಬಂದವು, ಹತ್ತಲಿಲ್ಲ. ಹೆಸರು ಬೇರೆ ಇದ್ದರೆ ಒಳ್ಳೆಯದು ಎಂದುಕೊಂಡು ಹೋಗಿದ್ದೆ. ಪ್ರಭು ಎಂದರೆ ಕೊಂಕಣಿ ಬ್ರಾಹ್ಮಣರ ಹೆಸರು; ಬೇರೆ ಎಂದರೆ ಮೇಲೆ ಕೆಳಗೆ ಎಂದು ನನಗೆ ಹೊಳೆಯಲಿಲ್ಲ. ನನಗೆ ಯಾಕೆ ಹೊಳೆಯಲಿಲ್ಲ? ನಾನು ಅಗ್ರಹಾರದವನು.

೬ ಜುಲೈ, ಗುರುವಾರ

ಸಿರಿಲ್ ಅಂಕಲ್ ಫೋನ್ ಮಾಡಿ ಸಂಬಂಧ ಬೇಡ ಎಂದಿದ್ದಾರೆ. ಮಧ್ಯೆ ಗೋಡೆಯಿದ್ದರೂ ಪಕ್ಕದ ಮನೆ ಸುಮ್ಮನಿರುವುದು ಕೇಳಿಸುತ್ತದೆ.

೯ ಜುಲೈ, ಭಾನುವಾರ

ಇವತ್ತು ಮೂರನೆಯ ಓದು ಇರಬೇಕಿತ್ತು. ಓದಲಿಲ್ಲವಂತೆ.

ಡೆಂಜಿಲ್ ಅಂಕಲ್ ಬಂದರು, ಚೆಸ್ ಬೋರ್ಡ್ ಇಲ್ಲದೆ. ಮಾವ, ಅತ್ತೆ ಇಬ್ಬರೂ ಒಳಗೆ ಹೋದರು. ಅಂಕಲ್ ಬೈದಿದ್ದರೆ ಚೆನ್ನಾಗಿತ್ತು. ಪಾಠ ಹೇಳುವ ಧ್ವನಿಯಲ್ಲೇ ಹೇಳಿದರು: "ನನ್ನ ಅಪ್ಪ ಆ ಹಳೆಯ ಹೆಸರು ನಮ್ಮ ಮನೆಯಲ್ಲಿ ಎತ್ತಬಾರದು ಅಂತ ಮಾಡಿದ್ದರು. ಅಮ್ಮ ಅವರಿಗೆ ಹೆದರಿ ಸುಮ್ಮನಿದ್ದಳು, ಆಮೇಲೆ ನನಗೆ ಹೆದರಿ. ಹಾಗೇ ಒಣಗಿ ಸಾಯ್ತಿತ್ತು ಅದು. ನೀನು ನೀರು ಹಾಕಿದೆ."

ಅಂಕಲ್, ನಾನು ತಮಾಷೆಗೆ ಎಂದೆ.

ನಾನೂ ನಕ್ಕೆನಲ್ಲ, ನನ್ನದೂ ತಪ್ಪು ಎಂದು ಎದ್ದು ಹೋದರು. ವಲೇರಿಯನ್ ಅಪ್ಪನ ಕಾಲು ಹಿಡಿದು ನೋಡಿದನಂತೆ. ಅಪ್ಪ ಬಾರದ ಮದುವೆಗೆ ಅವನೂ ಒಪ್ಪುವುದಿಲ್ಲವಂತೆ. ಸಿಲ್ವಿಯಾ ಅವನನ್ನು ಅದಕ್ಕೆ ತಪ್ಪು ಎನ್ನುತ್ತಿಲ್ಲವಂತೆ. ಇದೆಲ್ಲ ಅತ್ತೆ ಹೇಳಿದ್ದು.

ಮಾವ ಇವತ್ತಿನ ವರ್ಲ್ಡ್ ಕಪ್ ಫೈನಲ್ ಒಬ್ಬರೇ ನೋಡಿದರು. ನನ್ನನ್ನು ಕರೆಯಲಿಲ್ಲ, ಪಕ್ಕದವರನ್ನೂ ಕರೆಯಲಿಲ್ಲ.

೧೨ ಜುಲೈ, ಬುಧವಾರ

ಬೆಳಿಗ್ಗೆ ಸ್ಟೇಜಿನಲ್ಲಿ ಸಿಲ್ವಿಯಾ ನಿಂತಿದ್ದಳು. ಅಪ್ಪರ್ ಹಿಲ್ಲಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಅವಳು. ತಪ್ಪಿಸಿಕೊಳ್ಳಲು ಆಗಲಿಲ್ಲ. ಪೋಲೆ, ಸಿಲ್ವಿಯಾ ಎಂದೆ. ಸ್ವಾಹಿಲಿಯಲ್ಲಿ 'ಬೇಜಾರಾಯಿತು' ಎಂದು ಇಲ್ಲಿ ಎಲ್ಲರೂ ಎಲ್ಲದಕ್ಕೂ ಹೇಳುವ ಮಾತು, ಅದೇ ನಾಲಿಗೆಗೆ ಬಂತು.

ಪೋಲೆ ಅನ್ನುವುದು ಬಿದ್ದವರಿಗೆ ದಾರಿಯಲ್ಲಿ ಹೋಗುವವರು ಹೇಳುವ ಮಾತು, ತಳ್ಳಿದವರು ಹೇಳುವುದಲ್ಲ ಎಂದಳು. ಇಂಗ್ಲಿಷಿನಲ್ಲಿ, ಮೆಲ್ಲಗೆ. ಭಟ್ರೇ ಅನ್ನಲಿಲ್ಲ. ಸುಜಯ್ ಎಂದಳು.

ಅವಳ ಮಟಾಟು ಬಂತು. ನಾನೂ ಅದರಲ್ಲೇ ಹೋಗಬಹುದಿತ್ತು.

೧೫ ಜುಲೈ, ಶನಿವಾರ

ಮೂರು ದಿನ ಫ್ಯಾಕ್ಟರಿಯಿಂದ ಬಂದು ಮಲಗಿದ್ದೆ. ಇವತ್ತು ಬಾಯಿಯ ಹತ್ತಿರ ಹೋದೆ. ಸಿಲ್ವಿಯಾ ಡ್ಯೂಟಿಯಲ್ಲಿದ್ದಳು, ಡೆಂಜಿಲ್ ಅಂಕಲ್ ಮನೆಯಲ್ಲಿರಲಿಲ್ಲ. ನೋಡಿಕೊಂಡೇ ಹೋದೆ.

ಬಾಯಿ ಕುಗ್ಗಿದ್ದಾರೆ. ಎಲ್ಲ ನನ್ನದೇ ತಪ್ಪು ಎಂದೆ. ಆ ಪುಟದಲ್ಲಿ ಒಂದೇ ವಂಶವಲ್ಲ ಅಂತ ಸ್ಪಷ್ಟವಾಗಿತ್ತು, ಅದನ್ನು ಓದಿಯೂ ತಿರುಗಿಸಿ ಹೇಳಿದೆ. ನೀವು ಕರೆದು ಕೇಳಿದಾಗಲೂ ಉಂಟು ಎಂದೆ. ನೀವು ನಂಬಿದ್ದರಿಂದ ಇಷ್ಟೆಲ್ಲ ಆಯಿತು, ನೀವು ಬೇಸರ ಮಾಡಿಕೊಳ್ಳಬೇಡಿ ಎಂದೆ.

"ನಾನು ನಂಬಲಿಲ್ಲ ಪುತಾ," ಎಂದರು.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ.

"ಶಾಲು ಹೊದ್ದು ಕೂತು ಹೇಳಿದ್ದು ತಮಾಷೆ ಅಂತ ಗೊತ್ತಾಗದಷ್ಟು ನನಗೆ ಅರಳುಮರಳು ಆಗಲಿಲ್ಲ. ಈ ಸಂಬಂಧ ಬಂದ ದಿನವೇ ಅವರು ಎಂತದ್ದು ಅಂತ ಕೇಳಬೇಕು ಅಂತ ನನ್ನ ಹೊಟ್ಟೆಯಲ್ಲಿ ಇತ್ತು. ಕೇಳಿದರೆ ಡೆಂಜಿಲ್ ಎದ್ದು ಹೋಗ್ತಾನೆ. ಫಾದರ್ ಹತ್ರ ಪಾಪ ಹೇಳುವಾಗಲೂ ಇದು ಹೇಳ್ಲಿಕ್ಕೆ ನಾಚಿಕೆ. ನೀನು ಬಂದು ಗೋತ್ರ ಯಾವುದು ಅಂತ ಎಲ್ಲರ ಎದುರು ಕೇಳಿದೆ. ಒಂದೇ ರಕ್ತ ಅಂತ ನಾನು ಅತ್ತದ್ದು ಸುಳ್ಳು. ನಿನ್ನ ತಮಾಷೆ ಹಿಡಿದುಕೊಂಡು ನನ್ನ ಕೆಲಸ ಮಾಡಿಸಿದೆ."

ತಪ್ಪಿನ ಪಾಲು ಇನ್ನೊಬ್ಬರಿಗೆ ಹೋದಾಗ ಹಗುರವಾಗಬೇಕು. ನನಗೆ ಹಾಗೇನೂ ಆಗಲಿಲ್ಲ. ಅವರಿಗೆ ನಾಚಿಕೆಯಾದರೂ ಇತ್ತು. ನಾನು ಕೇಳಿದಾಗ ನನಗೆ ಏನೂ ಆಗಿರಲಿಲ್ಲ, ಬಿಸ್ಕತ್ತು ತಿನ್ನುತ್ತಿದ್ದೆ.

ಈಗ ಏನು ಬಾಯಿ ಎಂದೆ. ಹುಡುಗಿ ರಾತ್ರಿ ನನ್ನ ಕೋಣೆಯಲ್ಲೇ ಮಲಗ್ತಾಳೆ, ಅಳುವುದೂ ಇಲ್ಲ, ಗೋಡೆ ನೋಡ್ತಾಳೆ ಎಂದರು. ನಾಳೆ ಒಂದು ಟ್ಯಾಕ್ಸಿ ತಾ ಎಂದರು.

೧೬ ಜುಲೈ, ಭಾನುವಾರ

ಡೆಂಜಿಲ್ ಅಂಕಲ್‌ಗೆ ಹೇಳದೆ ಹೋದೆವು. ಸಿರಿಲ್ ಅಂಕಲ್ ಮನೆ ನೈರೋಬಿ ವೆಸ್ಟಿನಲ್ಲಿ. ಮೆಟ್ಟಿಲು ಹತ್ತುವಾಗ ಬಾಯಿಯ ಇಡೀ ಭಾರ ನನ್ನ ಮೊಣಕೈ ಮೇಲಿತ್ತು. ಬಾಗಿಲು ತೆರೆದವರು ಸಿರಿಲ್ ಅಂಕಲ್. ವಯಸ್ಸಾದವರು ನಿಂತಿದ್ದಾರೆಂದು ಒಳಗೆ ಬಿಟ್ಟರು, ಅಷ್ಟೆ.

ನಾನು ಮೊದಲು ಮಾತಾಡಿದೆ. ಟ್ಯಾಕ್ಸಿಯಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳೆಲ್ಲ ಎಲ್ಲೋ ಹೋದವು. ನಾನು ತಮಾಷೆ ಅಂತ ಮಾಡಿದ್ದು ಅಂಕಲ್, ಗೋತ್ರ ಗೀತ್ರ ಯಾವುದನ್ನೂ ನಾನು ನಂಬುವವನಲ್ಲ ಎಂದೆ.

"ಗೊತ್ತುಂಟು ಮಾರಾಯ," ಎಂದರು. "ನೀನು ತಮಾಷೆಯೇ ಮಾಡಿದ್ದು. ಆದರೆ ಒಂದಕ್ಷರ ತಪ್ಪಲಿಲ್ಲ. ನನ್ನ ಮುತ್ತಜ್ಜನ ಹೆಸರು ನನಗೆ ಗೊತ್ತಿಲ್ಲ. ನಿನಗೆ ನಿನ್ನವರದ್ದೆಲ್ಲ ಕಂಠಪಾಠ."

ನಾನು ಬಾಯಿಯನ್ನು ಕುರ್ಚಿಯಲ್ಲಿ ಕೂರಿಸಿದೆ.

ಬಾಯಿ ಅವರಿಗೆ ಕೊಂಕಣಿಯಲ್ಲಿ ಏನೋ ಹೇಳಿದರು. ಆಮೇಲೆ ನನಗೂ ತಿಳಿಯಲಿ ಎಂದೋ ಏನೋ ಕನ್ನಡದಲ್ಲೇ ಮುಂದುವರಿಸಿದರು. ಕೇಳಬಾರದ್ದನ್ನು ಕೇಳಿದ್ದು ನಾನು, ಈ ಹುಡುಗನ ಬಾಯಿಯಿಂದ ಕೇಳಿಸಿದೆ ಎಂದರು. ಹುಡುಗಿಯನ್ನು ನಿಮ್ಮ ಮನೆಗೆ ಕಳಿಸಿಕೊಡಲು ಬಂದಿದ್ದೇನೆ ಎಂದರು.

ಸಿರಿಲ್ ಅಂಕಲ್ ಕುರ್ಚಿಯ ಅಂಚಿಗೆ ಬಂದು ಕೂತರು. "ಅಪ್ಪ ಸಾಯುವ ಮುಂಚೆ ನನಗೊಬ್ಬನಿಗೆ ಹೇಳಿದ್ದ. ವಲೇರಿಯನ್‌ಗೂ ಗೊತ್ತಿಲ್ಲ. ಈಗ ಹೇಳಲಾ ಬಾಯಿ? ಕೇಳಿದ ಮೇಲೂ ಇದನ್ನೇ ಹೇಳ್ತೀರಾ?"

ಬಾಯಿಯ ಕೈ ಜಪಸರದ ಮೇಲಿತ್ತು, ಮಣಿ ಸರಿಯುತ್ತಿರಲಿಲ್ಲ. ಸರವನ್ನು ಮುಷ್ಟಿಯಲ್ಲಿ ಮುಚ್ಚಿ ಹೇಳಿದರು, "ಹೇಳು. ಹೇಳ್ತೇನಾ ಅಂತ ನನಗೂ ಗೊತ್ತಿಲ್ಲ. ನೋಡುವ."

ಸಿರಿಲ್ ಅಂಕಲ್ ನನ್ನ ಕಡೆ ತಿರುಗಿ, ನೀನು ಹೊರಗೆ ಹೋಗು ಎಂದರು.

ಮೆಟ್ಟಿಲ ಕೆಳಗೆ ಗೇಟಿನ ಹತ್ತಿರ ನಿಂತೆ. ತುಂತುರು ಬೀಳುತ್ತಿತ್ತು. ಮೊದಲಾಗಿದ್ದರೆ ಕಿಟಕಿಯ ಹತ್ತಿರ ಹೋಗಿ ಕಿವಿಯಿಡುತ್ತಿದ್ದೆ. ಟ್ಯಾಕ್ಸಿಯವನು ಎಷ್ಟು ಹೊತ್ತು ಎಂದು ಕೇಳಿದ. ಗೊತ್ತಿಲ್ಲ ಎಂದೆ.

ಅವರೇ ಬಾಯಿಯನ್ನು ಹಿಡಿದುಕೊಂಡು ಮೆಟ್ಟಿಲಿಳಿಸಿದರು. ಇಬ್ಬರ ಮುಖ ನೋಡಿದರೂ ಏನೂ ತಿಳಿಯಲಿಲ್ಲ. ದಾರಿಯಲ್ಲಿ ಬಾಯಿ ಕಣ್ಣು ಮುಚ್ಚಿಕೊಂಡಿದ್ದರು. ಸೌತ್ ಬಿ ಹತ್ತಿರ ಬಂದಾಗ, ಫಾದರ್‌ಗೆ ಫೋನ್ ಮಾಡ್ಲಿಕ್ಕೆ ಡೆಂಜಿಲ್ ಹತ್ರ ಹೇಳಬೇಕು ಎಂದರು. ಏನು ಹೇಳಿದರು ಎಂದು ನಾನು ಕೇಳಲಿಲ್ಲ.

೨೩ ಜುಲೈ, ಭಾನುವಾರ

ಮೂರನೆಯ ಓದು. ಬಾಯಿ ಕರೆದಿದ್ದರಿಂದ ನಾನೂ ಹೋಗಿದ್ದೆ; ಹಿಂದಿನ ಬೆಂಚಿನಲ್ಲಿ ಅವರ ಪಕ್ಕ ಕೂತೆ. ಸಿಲ್ವಿಯಾ ಮಿರಾಂದಾ, ವಲೇರಿಯನ್ ಮಿರಾಂದಾ ಎಂದು ಫಾದರ್ ಓದಿದರು. ಅಡ್ಡಿ ಗೊತ್ತಿದ್ದವರು ತಿಳಿಸಬೇಕು ಎಂದರು. ನಾಲ್ಕು ಜನ ಕೆಮ್ಮಿದರು. ಪ್ರತಿ ಸಲವೂ ತಿರುಗಿ ನೋಡಿದೆ. ಬಾಯಿ ಮುಂದೆ ನೋಡುತ್ತ ಕೂತಿದ್ದರು, ತುಟಿ ಬಿಗಿಯಾಗಿತ್ತು. ಫಾದರ್ ಹಾಳೆ ತಿರುವಿ ಮುಂದಿನ ವಾರದ ಆಟೋಟದ ವಿಷಯ ಹೇಳತೊಡಗಿದರು.

ಮದುವೆ ಆಗಸ್ಟ್ ಹನ್ನೆರಡಕ್ಕೆ ಹೋಗಿದೆ. ಸಿಲ್ವಿಯಾ ಅಜ್ಜಿಯ ಕೈಹಿಡಿದು ಹೊರಗೆ ಬಂದಳು. ನನ್ನನ್ನು ನೋಡಿದಳು. ತಲೆಯಾಡಿಸಿದಳೋ ಇಲ್ಲವೋ.

೬ ಆಗಸ್ಟ್, ಭಾನುವಾರ

ಡೆಂಜಿಲ್ ಅಂಕಲ್ ಮತ್ತೆ ಚೆಸ್ಸಿಗೆ ಬಂದರು. ನನ್ನ ಹತ್ತಿರ ಚಳಿಯ ವಿಷಯ ಮಾತಾಡಿದರು.

ಸಂಜೆ ಸಿಲ್ವಿಯಾ ಆಮಂತ್ರಣ ಪತ್ರ ಕೊಡಲು ಬಂದಳು. ಮಾವನಿಗೆ, ಅತ್ತೆಗೆ ಕೊಟ್ಟಳು. ಹೋಗುವಾಗ ಬಾಗಿಲಲ್ಲಿ ನಿಂತು ನನಗೆ ಕನ್ನಡದಲ್ಲಿ ಹೇಳಿದಳು, ತಡವರಿಸುತ್ತ. ಇದುವರೆಗೆ ಅವಳು ಕನ್ನಡ ಆಡುವುದನ್ನು ನಾನು ಕೇಳಿರಲಿಲ್ಲ.

"ಮದುವೆಗೆ ಬಾ. ಅಲ್ಲಿ ಮಾತು ಬೇಡ."

ಆಗಲಿ ಎಂದೆ.

೧೨ ಆಗಸ್ಟ್, ಶನಿವಾರ

ಮದುವೆ ಆಯಿತು. ಸಿಲ್ವಿಯಾ ಚೆನ್ನಾಗಿ ಕಾಣುತ್ತಿದ್ದಳು. ವಲೇರಿಯನ್ ಉಂಗುರವನ್ನು ತಪ್ಪು ಬೆರಳಿಗೆ ತೊಡಿಸಹೊರಟ, ಅವಳೇ ಸರಿಯಾದ ಬೆರಳು ಮುಂದೆ ಮಾಡಿದಳು. ಬಾಯಿ ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿನಲ್ಲಿದ್ದರು.

ಪಾರ್ಟಿಯಲ್ಲಿ ಮೈಕ್ ಹಿಡಿದಿದ್ದವರು ಮೊಂಬಾಸಾದಿಂದ ಬಂದಿದ್ದ ಯಾರೋ ದೂರದ ಸಂಬಂಧಿ. ಕೇಕ್ ಆದ ಮೇಲೆ ಒಬ್ಬೊಬ್ಬರನ್ನೇ ಕರೆದು ನಾಲ್ಕು ಮಾತು ಹೇಳಿಸುತ್ತಿದ್ದರು. ನಾನು ಗೋಡೆಯ ಪಕ್ಕ ನಿಂತಿದ್ದೆ. ಪಕ್ಕದ ಮನೆಯಲ್ಲಿ ಭಾರೀ ತಮಾಷೆಯ ಹುಡುಗ ಒಬ್ಬ ಇದ್ದಾನಂತೆ, ಭಟ್ರು ಅಂತೆ, ಅವನು ಬರಬೇಕು ಎಂದರು. ಯಾರೋ ಬೆನ್ನಿಗೆ ಕೈಕೊಟ್ಟು ಮುಂದೆ ನೂಕಿದರು. ಡೆಂಜಿಲ್ ಅಂಕಲ್ ಅರ್ಧ ಎದ್ದವರು ಹಾಗೇ ನಿಂತರು. ಸಿಲ್ವಿಯಾ ನನ್ನನ್ನೇ ನೋಡುತ್ತಿದ್ದಳು.

ಮೈಕ್ ಕೈಗೆ ಬಂತು. ಎದುರು ಇಡೀ ಹಾಲ್ ತುಂಬ ಮುಖಗಳು, ನಗಲು ಸಿದ್ಧವಾಗಿ. ನಾನು ಏನೂ ಹೇಳಲಿಲ್ಲ. ಏನಾದರೂ ಹೇಳಬೇಕು ಅಂತಲೂ ಅನ್ನಿಸಲಿಲ್ಲ. ಅವಳಿಗೆ ಆಗಲಿ ಎಂದಿದ್ದೆ. ಮೊದಲು ಒಂದು ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಒಂದು ಟೇಬಲ್, ಆಮೇಲೆ ಎಲ್ಲರೂ. ಮುಖ ನೋಡು, ಎಷ್ಟು ಸೀರಿಯಸ್ ಎಂದು ಒಬ್ಬರು ಕಣ್ಣೊರೆಸಿಕೊಂಡರು. ನಾನು ಕೈಮುಗಿದು ಮೈಕ್ ವಾಪಸ್ ಕೊಟ್ಟೆ. ಜೋರು ಚಪ್ಪಾಳೆ ಬಿತ್ತು. ಇಷ್ಟು ಚಪ್ಪಾಳೆ ನನಗೆ ಯಾವತ್ತೂ ಬಿದ್ದಿರಲಿಲ್ಲ.

ಬಾಗಿಲ ಕಡೆ ಹೊರಟೆ. ದಾರಿಯ ಪಕ್ಕದ ಟೇಬಲ್ಲಿನಲ್ಲಿ ಸಿರಿಲ್ ಅಂಕಲ್ ಕೂತಿದ್ದರು, ನಕ್ಕಿರಲಿಲ್ಲ. ನಾನು ಹತ್ತಿರ ಬಂದಾಗ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೋಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಹೋಗಿ ಕೂತೆ. ಊಟ ಬಂತು. ಅವರು ತಮ್ಮ ಲೋಟಕ್ಕೂ ನನ್ನ ಲೋಟಕ್ಕೂ ನೀರು ಬಗ್ಗಿಸಿದರು.